ಕೂತ ಕೈಗೆ ಸಿಗುವ ಸ್ವಿಚ್ಚು

ನನ್ನ ಅಂಗಡಿಯ ಗಾದಿಯ ಬಲಗಡೆ, ಕೂತವರ ಮೊಣಕೈ ಮಟ್ಟದಲ್ಲಿ, ಗೋಡೆಗೆ ಬಡಿದ ಪುಟ್ಟ ಮರದ ಹಲಗೆಯ ಮೇಲೆ ಒಂದು ಹಿತ್ತಾಳೆಯ ಸ್ವಿಚ್ಚಿದೆ. ಸುತ್ತಲಿನ ಹಿತ್ತಾಳೆಯೆಲ್ಲ ಮಂಕಾಗಿದ್ದರೂ ಅದರ ಗುಂಡಿಯ ತುದಿ ಮಾತ್ರ ನನ್ನ ಹೆಬ್ಬೆರಳ ಸಹವಾಸದಿಂದ ಸದಾ ಫಳಫಳ ಎನ್ನುತ್ತದೆ. ಬಂದವರು ಇದೇಕೆ ಇಷ್ಟು ಕೆಳಗೆ ಎಂದು ಕೇಳುತ್ತಾರೆ. ನಾನು ಮಾರುವ ಬಟ್ಟೆಯ ಮಡಿಕೆ ಬಿಚ್ಚಿ ತೋರಿಸಿ ಮಾತು ಮರೆಸುತ್ತೇನೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು, ಗೆಳೆಯರೇ? ಹೇಳಿಬಿಡುತ್ತೇನೆ.

ಆಗಿನ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಕೂಗೇ ಊರಿನ ಗಡಿಯಾರ. ಗಂಡ ತೀರಿಕೊಂಡ ಮೇಲೆ, ನೆಂಟರಿಷ್ಟರು ಬೇಡಬೇಡವೆನ್ನುತ್ತಿದ್ದರೂ, ಗಂಡನ ಬಟ್ಟೆಯಂಗಡಿಯ ಗಾದಿಯ ಮೇಲೆ ನಾನೇ ಕೂತೆ. ನನ್ನ ಗಿರಾಕಿಗಳೆಂದರೆ ಗಿರಣಿಯ ಹೆಂಗಸರು. ಪಾಳಿ ಮುಗಿಸಿ, ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಕತ್ತಲಾಗುವ ಹೊತ್ತಿಗೆ ಬರುವವರು. ಕಂದೀಲಿನ ಹಳದಿ ಬೆಳಕಿನಲ್ಲಿ ಹಸಿರು ಕುಪ್ಪಸದ ಖಣವೂ ಕಪ್ಪು, ನೀಲಿ ಖಣವೂ ಕಪ್ಪು. ಮದುವೆಗೆಂದು ಹಸಿರು ಕೇಳಿದವಳ ಮುಂದೆ ನಾನು ಹಸಿರನ್ನೇ ಹಾಸಿದರೂ, "ಕರೀದು ಬ್ಯಾಡವ್ವ, ನಾಳೆ ಹಗಲಾಗ ಬರ್ತೀನಿ" ಎಂದು ಎದ್ದುಹೋಗುತ್ತಿದ್ದಳು. ಹಗಲೆಲ್ಲ ಗಿರಣಿಯೊಳಗೇ ಇರುವವಳಿಗೆ ನಾಳೆಯ ಹಗಲೆಲ್ಲಿಂದ ಬರಬೇಕು?

ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಕರೆಂಟು ಬಂದಿತ್ತು. ನನಗೂ ಬೇಕೆಂದಾಗ ನನ್ನ ಭಾವನವರು, ಎಂದರೆ ಗಂಡನ ಅಣ್ಣ, ಮೃದುವಾಗಿಯೇ ಹೇಳಿದರು: "ಯಾಕ ಸುಮ್ನೆ ತ್ರಾಸು, ಗಿರಿಜಾ? ದೀಪ ಹಚ್ಚೋ ಹೊತ್ತಿಗೆ ನೀನು ಮನಿಗೆ ಹೋಗು. ಸಂಜಿಗೆ ನಾ ಕೂಡ್ತೀನಿ."

ಈ ಮೃದುತನ ನನಗೆ ಹೊಸದಲ್ಲ. ಭಾವ ಬಂದರೆ ತಮ್ಮನ ಹೆಂಡತಿ ಎದ್ದು, ಸೆರಗು ಹೊದ್ದು, ಪಕ್ಕಕ್ಕೆ ನಿಲ್ಲಬೇಕೆನ್ನುವುದು ನಮ್ಮಲ್ಲಿ ನಡೆದು ಬಂದ ರೀತಿ. ಅವರು ಅಂಗಡಿಯ ಮೆಟ್ಟಿಲೇರುತ್ತಿದ್ದರು, ನಾನು ಏಳುತ್ತಿದ್ದೆ. ನಾನೆದ್ದ ಗಾದಿ ಬರಿದಾಗುತ್ತಿತ್ತು, ಅವರು ಕೂಡುತ್ತಿದ್ದರು. ಜಗಳವಿಲ್ಲ, ಕೋರ್ಟಿಲ್ಲ, ನನ್ನ ಮರ್ಯಾದೆಯನ್ನೇ ಮೆಟ್ಟಿಲು ಮಾಡಿಕೊಂಡು ನನ್ನ ಗಾದಿ ಹತ್ತುವ ಎಂಥ ಸಲೀಸಾದ ದಾರಿ! ವ್ಯಾಪಾರವೆಲ್ಲ ಇರುವುದೇ ಸಂಜೆಯಲ್ಲಿ. ಸಂಜೆ ಯಾರು ಕೂಡುತ್ತಾರೋ ಅಂಗಡಿ ಅವರದೇ ಆಗುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಣಿಯುವುದಿಲ್ಲವೆಂದು ಅವತ್ತೇ ನಿಶ್ಚಯಿಸಿದೆ.

ವೈರಿಂಗ್ ಮಾಡಿಸಲು ನಮ್ಮೂರಿನ ಕಂಟ್ರಾಕ್ಟರುಗಳಲ್ಲಿಗೆ ಹೋದೆ. ಕೆಲಸ ಗೊತ್ತುಮಾಡುವಾಗ ಮಾಲೀಕನ ಕೈಯಿಂದ ವೀಳ್ಯ ತೆಗೆದುಕೊಳ್ಳುವುದು ಆಗಿನ ಪದ್ಧತಿ. ನಾನು ಎಲೆ-ಅಡಿಕೆ ಮುಂದೆ ಹಿಡಿದರೆ ಒಬ್ಬರಿಗೆ ಕೆಮ್ಮು ಬಂತು, ಇನ್ನೊಬ್ಬರಿಗೆ ಊರ ಹೊರಗಿನ ಕೆಲಸ ನೆನಪಾಯಿತು. ಮೂರನೆಯವರು ಮಾತ್ರ ಬಾಯಿಬಿಟ್ಟು, "ಹೊಸಾ ಕೆಲಸ ನೋಡ್ರಿ, ನಿಮ್ಮ ಭಾವನವರ ಕೈಲಿಂದ ಕೊಡಿಸ್ರಿ" ಎಂದರು. ಕೊರಳಲ್ಲಿ ಲಿಂಗವಿರುವಾಗ ಶುಭವೇನು ಅಶುಭವೇನು ಎಂದು ಭಾಷಣ ಮಾಡುವ ಜನವೇ ಇವರೆಲ್ಲ! ನೀವೇ ಯೋಚಿಸಿ. ಇದೇ ಕೈ ಮನೆಯಲ್ಲಿ ಒಲೆ ಹೊತ್ತಿಸಿದರೆ ಆ ಅನ್ನವನ್ನು ಎಲ್ಲರೂ ಚಪ್ಪರಿಸಿ ಉಣ್ಣುತ್ತಾರೆ. ಅದು ಬೇಡುವ ಕೈಯಾದರೆ ಅಯ್ಯೋ ಪಾಪ ಎಂದು ಕರಗುತ್ತಾರೆ. ಕೆಲಸ ಕೊಡುವ ಕೈಯಾದ ಕೂಡಲೇ ಅದಕ್ಕೆ ಅಪಶಕುನ ಅಂಟಿಕೊಳ್ಳುತ್ತದೆ. ಅವರು ಹೆದರಿದ್ದು ನನ್ನ ವೈಧವ್ಯಕ್ಕಲ್ಲ, ಯಜಮಾನಿಕೆಗೆ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಸಿಟ್ಟು ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿ ಹೊಳೆಯ ದಾರಿಯಲ್ಲಿ ಇಮಾಮ್ ಸಾಬರೆಂಬ ಕಂಟ್ರಾಕ್ಟರರು, ಬಾಗಿಲಲ್ಲಿ ಕೂತು ವೈರಿನ ಸುರುಳಿ ಬಿಡಿಸುತ್ತಿದ್ದರು. ಮಹಾ ಸಿಡುಕರು. ದಾವಣಗೆರೆಯ ನನ್ನ ಅಂಗಡಿಗೆ ವೈರಿಂಗ್ ಆಗಬೇಕೆಂದಾಗ ತಲೆಯೆತ್ತದೆಯೇ ಕೇಳಿದರು:

"ಯಜಮಾನ್ರು ಎಲ್ಲಿ ಅದಾರ್ರಿ?"

"ನಿಮ್ಮ ಎದುರಿಗೇ ನಿಂತೀನಿ."

ಅವರು ತಲೆಯೆತ್ತಿ ನೋಡಿದರು. "ದಾವಣಗೆರಿಯಾಗ ಕಂಟ್ರಾಕ್ಟರ್ ಯಾರೂ ಇಲ್ಲೇನ್ರಿ ಅಕ್ಕಾರೆ?"

"ಅದಾರ. ನನ್ನ ಕೈ ವೀಳ್ಯ ಅವರಿಗೆ ಆಗಂಗಿಲ್ಲಂತೆ."

ಸಾಬರು ನನ್ನ ಮೇಲಿನ ಕನಿಕರದಿಂದ ಒಪ್ಪಿದರೆಂದು ತಿಳಿಯಬೇಡಿ. "ಅವ್ರು ನಮ್ಮೂರಿಗೆ ಬಂದು ನಮ್ಮ ಕೆಲ್ಸ ಕಿತ್ಕಂತಾರ. ನಾನ್ಯಾಕ ಅವರ ಬಜಾರ್‌ದಾಗ ಕಾಲಿಡಬಾರದು? ಕೊಡ್ರಿ ಇಲ್ಲಿ!" ಎಂದು ವೀಳ್ಯ ಕಸಿದುಕೊಂಡಂತೆ ತೆಗೆದುಕೊಂಡು ಅಲ್ಲೇ ಬಾಯಿಗೆ ಹಾಕಿಕೊಂಡರು. ಅವರ ಹಟ ಅವರಿಗೆ, ನನ್ನ ಹಟ ನನಗೆ. ಎರಡೂ ಒಂದೇ ಬಸ್ಸಿನಲ್ಲಿ ದಾವಣಗೆರೆಗೆ ಬಂದವು.

ತೇಗದ ಪಟ್ಟಿ ಬಡಿದು, ಅದರ ಮೇಲೆ ವೈರು ಎಳೆದು, ಸ್ವಿಚ್ಚಿನ ಜಾಗಕ್ಕೆ ಬಂದಾಗ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. ನಮ್ಮ ಬೀದಿಯ ಅಂಗಡಿಗಳಲ್ಲೆಲ್ಲ ಸ್ವಿಚ್ಚು ಬಾಗಿಲ ಕಂಬದ ಮೇಲೆ ಆಳೆತ್ತರಕ್ಕಿತ್ತು. ನಾನು ಗಾದಿಯ ಮೇಲೆ ಕೂತು, ಕೈ ಚಾಚಿ, ಬೆರಳು ಮುಟ್ಟಿದಲ್ಲಿ ಸುಣ್ಣದ ಗುರುತು ಹಾಕಿದೆ.

"ಇಷ್ಟು ಕೆಳಗ ಯಾರೂ ಹಾಕಂಗಿಲ್ರಿ! ನೋಡಿದವ್ರು ನನಗ ನಗ್ತಾರ."

"ನಾ ಏಳಂಗಿಲ್ಲ ಸಾಬ್ರೆ. ಹಾಕ್ರಿ."

ಅವರು ಗೊಣಗುತ್ತಲೇ ಮೊಳೆ ಹೊಡೆದರು.

ಕರೆಂಟು ಕೊಟ್ಟ ದಿನ ಸಂಜೆ ಭಾವನವರು ಜರಿ ರುಮಾಲು ಸುತ್ತಿ, ಬಜಾರಿನ ಹಿರಿಯರನ್ನು ಕರೆದುಕೊಂಡು, ತೆಂಗಿನಕಾಯಿ ಹಿಡಿದು ಬಂದರು. ಕರೆಯಲು ನಾನು ಯಾರನ್ನೂ ಕಳಿಸಿರಲಿಲ್ಲ. ಹೊರಗೆ ಪಾಳಿ ಮುಗಿಸಿದ ಹೆಂಗಸರು ಗುಂಪುಗಟ್ಟಿದ್ದರು. ಭಾವನವರು ಮೆಟ್ಟಿಲೇರಿದರು. ನನ್ನ ಕಾಲುಗಳು ಹಳೆಯ ಅಭ್ಯಾಸದಿಂದ ಏಳಲು ಹೊರಟವು. ನಾನು ಅವನ್ನು ಮಡಿಸಿಕೊಂಡು ಗಟ್ಟಿಯಾಗಿ ಕೂತೆ. ಹಿರಿಯರು ನನ್ನನ್ನೇ ನೋಡುತ್ತಿದ್ದರು. ಭಾವನವರು ನೋಡಿಯೂ ನೋಡದವರಂತೆ ಕಾಯಿ ಒಡೆದು, ಕರ್ಪೂರ ಬೆಳಗಿ, ರೂಢಿಯಂತೆ ಕಂಬದತ್ತ ಕೈ ಚಾಚಿದರು. ಕೈಗೆ ಬರೀ ಕಂಬ ಸಿಕ್ಕಿತು. ಮೇಲೆ ತಡವಿದರು, ಕೆಳಗೆ ತಡವಿದರು.

"ಎಲ್ಲೈತೋ ಸಾಬ, ಸ್ವಿಚ್ಚು?"

ಇಮಾಮ್ ಸಾಬರು ಎಲೆಯಡಿಕೆ ಜಗಿಯುತ್ತಾ, "ಅಂಗಡಿ ಯಾರದೈತೋ ಅವರ ಕೈ ಬುಡಕ ಐತ್ರಿ" ಎಂದರು.

ನಾನು ಕೂತಲ್ಲಿಂದಲೇ ಗುಂಡಿ ಒತ್ತಿದೆ.

ಅಂಗಡಿಯೊಳಗೆಲ್ಲ ಬೆಳಕು ಬಿತ್ತು. ಗುಂಪಿನಿಂದ ಒಬ್ಬಳು ಹಿರಿಯರನ್ನು ಸರಿಸಿಕೊಂಡು ಬಂದು, ರಾಶಿಯ ಮೇಲಿದ್ದ ಖಣವನ್ನೆತ್ತಿ ಬಲ್ಬಿಗೆ ಹಿಡಿದು, "ಎವ್ವಾ, ಇದು ಹಸರ ಐತೆ!" ಎಂದು ಕೂಗಿದಳು. ಅವಳ ಹಿಂದೆ ಉಳಿದವರೂ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಭಾವನವರು ಯಾವಾಗ ಚಪ್ಪಲಿ ಮೆಟ್ಟಿ ಹೋದರೋ ನಾನು ನೋಡಲಿಲ್ಲ.

ಬಜಾರು ಬಹಳ ದಿನ ನನ್ನನ್ನು ಗಯ್ಯಾಳಿ ಎಂದಿತು. ಅನ್ನಲಿ. ಬೆಳಕೆಂದರೆ ಜ್ಞಾನ, ಬೆಳಕೆಂದರೆ ದೈವ ಎಂದು ದೊಡ್ಡವರು ಏನೇನೋ ಹೇಳುತ್ತಾರೆ, ಇರಬಹುದು. ನನಗೆ ಕಂಡ ಮಟ್ಟಿಗೆ ಬೆಳಕೆಂದರೆ ಮೊದಲು ಒಂದು ಸ್ವಿಚ್ಚು, ಆಮೇಲೆ ಅದು ಯಾರ ಕೈಗೆ ಎಟಕುತ್ತದೆ ಎಂಬ ಪ್ರಶ್ನೆ. ಗೋಡೆಯ ಮೇಲೆ ಅದರ ಜಾಗ ಗುರುತು ಮಾಡುವಾಗ ಸುಣ್ಣ ನಮ್ಮ ಕೈಯಲ್ಲಿರಬೇಕು.

ಮೊನ್ನೆ ಬಲ್ಬು ಬದಲಿಸಲು ಬಂದ ಮೇಸ್ತ್ರಿಯೊಬ್ಬ, "ಅಮ್ಮಾರೆ, ಇದನ್ನ ಕಂಬಕ್ಕೆ ಏರಿಸಿ ಕೊಡ್ಲೇನ್ರಿ? ಎಲ್ಲಾರಿಗೂ ಅನುಕೂಲಾಗ್ತೈತಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ಅಷ್ಟರಲ್ಲಿ ಗಿರಣಿ ಕೂಗಿತು, ಹೊರಗೆ ಹೆಂಗಸರ ಮಾತು ಕೇಳಿಸಿತು. ಬೇಡಪ್ಪಾ ಎಂದು, ಕೂತಲ್ಲಿಂದಲೇ ಕೈ ಚಾಚಿ ದೀಪ ಹಾಕಿದೆ.