ಒಂಬತ್ತನ್ನು ನುಂಗಿದ ಹೊಸ ವರ್ಷನ್

ಕಪಾಟಿನ ಕೆಳಗಿನ ಖಾನೆಯಿಂದ ಹಳೆಯ ಫಾರ್ಮುಗಳ ಕಟ್ಟನ್ನು ಎಳೆದ ಕೂಡಲೇ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಸಾಲಾಗಿ ನಾಲ್ಕು ಸೀನು ಬಂದವು. ಬಂಟ್ವಾಳದ ನಮ್ಮ ಸಮೀಕ್ಷೆ ಕಚೇರಿಗೆ ಮತ್ತೊಂದು ಹೊಸ ವರ್ಷನ್ ಸಾಫ್ಟ್‌ವೇರ್ ಬರುವುದಿದೆ. ಅದಕ್ಕೆ ಮೊದಲು ಹಳೆಯ ಕಾಗದವನ್ನೆಲ್ಲ ಗುಜರಿಗೆ ಹಾಕಬೇಕೆಂದು ಮೇಲಿನವರ ಅಪ್ಪಣೆ. ಹೊಸದು ಬರುತ್ತದೆ ಎಂದರೆ ಸಾಕು, ಇವರಿಗೆ ಮೊದಲು ನೆನಪಾಗುವುದು ಏನನ್ನು ಬಿಸಾಡಬಹುದು ಎಂದು.

ಬೀಡಿ ಕಟ್ಟುವ ಹೆಂಗಸರ ಎದುರು ಕುಳಿತು, ಅವರ ತಡ್ಪೆಯ ಅಂಚಿನ ಮೇಲೇ ಕಾಗದ ಇಟ್ಟುಕೊಂಡು ತುಂಬಿಸಿದ ಫಾರ್ಮುಗಳು ಅವು. ತಡ್ಪೆ ಎಂದರೆ ನಮ್ಮ ಕಡೆಯ ಮೊರ. ಎಲೆ, ನೂಲು, ಹೊಗೆಸೊಪ್ಪಿನ ಪುಡಿ ಎಲ್ಲವೂ ಅದರಲ್ಲೇ ಇರುತ್ತದೆ, ಅದು ಮಡಿಲಲ್ಲಿರುತ್ತದೆ. ಪ್ರತಿ ಫಾರ್ಮಿನ ಅಂಚಿನಲ್ಲೂ ಕೆಂಪು ಶಾಯಿಯ ಅಂಕೆಗಳಿದ್ದವು. ಒಂದು, ಎರಡು, ಮತ್ತೆ ಮತ್ತೆ ಒಂಬತ್ತು... ಅಕ್ಕನ ಕೈಬರಹ.

ಅಕ್ಕನ ಹೆಸರು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಅವರು ಅಕ್ಕನೇ. ಸಿದ್ಧಕಟ್ಟೆಯಿಂದ ಬೆಳಗ್ಗಿನ ಮೂಡುಬಿದಿರೆ ಬಸ್ಸಿನಲ್ಲಿ ಬಂದು, ಕೊಡೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಸಂಜೆಯವರೆಗೆ ತಲೆ ಎತ್ತುತ್ತಿರಲಿಲ್ಲ. ಹಳ್ಳಿಗಳಿಂದ ಬಂದ ಫಾರ್ಮುಗಳನ್ನು ಓದಿ ಪ್ರತಿ ಉತ್ತರಕ್ಕೂ ಒಂದು ಅಂಕೆ ಕೊಡುವುದು ಅವರ ಕೆಲಸ. ಅದಕ್ಕೆ ಕೋಡಿಂಗ್ ಎನ್ನುತ್ತಿದ್ದೆವು. ಮೊದಲು ಅವರೂ ಬೀಡಿ ಕಟ್ಟಿದವರೇ. ಮಣಿಕಟ್ಟಿನ ನೋವು ತಡೆಯಲಾಗದೆ ಬಿಟ್ಟು ಬಂದಿದ್ದರು.

ಆಗ ನಮಗೊಬ್ಬ ಡೈರೆಕ್ಟರು ಇದ್ದರು. ಇಡೀ ಬೆಳ್ತಂಗಡಿ, ಬಂಟ್ವಾಳದ ಹೆಂಗಸರ ಬದುಕಿನ ಮೇಲೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಈ ಮನುಷ್ಯ ಒಂದು ಮನೆಯ ಜಗಲಿಯನ್ನೂ ಹತ್ತಿದ್ದಿಲ್ಲ. ಒಮ್ಮೆ ನರಿಕೊಂಬಿಗೆ ಬಂದಿದ್ದರು, ಹೌದು. ಕಾರಿನ ಗಾಜು ಇಳಿಸಿ, "ಇದೇನಾ ಫೀಲ್ಡು?" ಎಂದು ಕೇಳಿ, ಗಾಜು ಏರಿಸಿ ಹೋಗಿದ್ದರು. ಆ ಭೇಟಿಯ ಬಗ್ಗೆ ವರದಿಯಲ್ಲಿ ಒಂದೂವರೆ ಪುಟ ಇತ್ತು.

ಆ ವರ್ಷದ ಸಮೀಕ್ಷೆ ಒಂದು ದತ್ತಿ ಸಂಸ್ಥೆಗಾಗಿ. ದುಡಿಯುವ ತಾಯಂದಿರು ಹೆಚ್ಚಿರುವ ಒಂದು ಊರಿನಲ್ಲಿ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವನ್ನು ಅವರು ತೆರೆಯುವುದೆಂದಾಗಿತ್ತು. ಊರನ್ನು ಆರಿಸಲು ನಮ್ಮ ಲೆಕ್ಕವೇ ಆಧಾರ. ಅಕ್ಕನಿಗೆ ಅದು ತನ್ನೂರಿಗೆ ಬರಬೇಕೆಂಬ ಆಸೆ. ತೆವಳುವ ಮಗುವಿನ ಕಾಲಿಗೆ ಸೀರೆಯ ತುಂಡು ಕಟ್ಟಿ ಕಂಬಕ್ಕೆ ಬಿಗಿದು ಬೀಡಿ ಕಟ್ಟಿದವರು ಅವರು. ಹಾಗೆಂದು ಒಂದು ಅಂಕೆಯನ್ನೂ ಅವರು ಹೆಚ್ಚು ಬರೆಯಲಿಲ್ಲ.

ತೊಡಕು ಬೇರೆಯೇ ಇತ್ತು. ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರಿಗೆ ಅದೊಂದು ಕೆಲಸ ಎಂದೇ ಅನಿಸುವುದಿಲ್ಲ. ಏನು ಕೆಲಸ ಎಂದು ಕೇಳಿದರೆ ಕೈಯಲ್ಲಿ ಎಲೆ ಸುರುಟುತ್ತಲೇ ತುಳುವಿನಲ್ಲಿ, "ಬೇಲೆ ದಾಲಾ ಇಜ್ಜಿ, ಸುಮ್ಮನೆ ಇಲ್ಲಡೇ ಉಲ್ಲೆ" ಎನ್ನುತ್ತಾರೆ. ಕೆಲಸ ಏನೂ ಇಲ್ಲ, ಸುಮ್ಮನೆ ಮನೆಯಲ್ಲೇ ಇದ್ದೇನೆ ಎಂದು! ಫಾರ್ಮು ತುಂಬಿಸುವವರು ಅದನ್ನು ಹಾಗೆಯೇ ಬರೆದು ತರುತ್ತಿದ್ದರು. ಅಕ್ಕ ಅವರನ್ನೆಲ್ಲ ಕೂರಿಸಿ ಹೇಳಿದರು.

"ಕೆಲಸ ಉಂಟಾ ಅಂತ ಕೇಳಿ ಪ್ರಯೋಜನ ಇಲ್ಲ ಮಾರಾಯ್ರೆ. ಮಡಿಲಲ್ಲಿ ತಡ್ಪೆ ಉಂಟಾ ನೋಡಿ. ಉಂಟಾದ್ರೆ ಅದನ್ನೂ ಬರೀರಿ."

ಹಾಗೆ ಬಂದ ಉತ್ತರಕ್ಕೆ ಅವರು ಕೊಟ್ಟ ಅಂಕೆ ಒಂಬತ್ತು. ಕೆಲಸ ಇಲ್ಲ ಎನ್ನುತ್ತಾಳೆ, ಆದರೆ ದುಡಿಯುತ್ತಾಳೆ ಎಂದು ಅರ್ಥ. ಹಳೆಯ ಸಾಫ್ಟ್‌ವೇರಿನಲ್ಲಿ ಒಂಬತ್ತರ ಮುಂದೆ ಆ ಅರ್ಥವನ್ನು ಕನ್ನಡದಲ್ಲೇ ಟೈಪು ಮಾಡಿಸಿದ್ದರು. ದೊಡ್ಡ ದೊಡ್ಡ ಪದವಿಯವರಿಗೆ ಹೊಳೆಯದ್ದು ಹತ್ತನೇ ಕ್ಲಾಸು ಓದಿದ ಅಕ್ಕನಿಗೆ ಹೊಳೆದಿತ್ತು. ನಾನೂ ಆ ದೊಡ್ಡ ಪದವಿಯವಳೇ. ಅಂಕಿಅಂಶದಲ್ಲಿ ಎಂಎಸ್ಸಿ ಮುಗಿಸಿ ಸೇರಿ ಮೂರು ತಿಂಗಳಾಗಿತ್ತು, ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಡೈರೆಕ್ಟರಿಗೆ ಹೊಸ ವರ್ಷನ್ನಿನ ಹುಚ್ಚು ಹಿಡಿಯಿತು. ಯಾವುದೋ ಸಮ್ಮೇಳನದಲ್ಲಿ ಯಾರೋ "ನೀವಿನ್ನೂ ಹಳೇದರಲ್ಲೇ ಇದ್ದೀರಾ?" ಎಂದರಂತೆ. ಅವಮಾನವಾಯಿತು. ಮರುವಾರವೇ ಹೊಸದು ಬಂತು, ಕಂಪ್ಯೂಟರಿಗೆ ಹೂವಿನ ಹಾರ, ನಮಗೆಲ್ಲ ಲಾಡು. ಹಳೆಯದರಲ್ಲಿ ಆಗದ್ದು ಹೊಸದರಲ್ಲಿ ಏನು ಆಗುತ್ತದೆ ಎಂದು ಕೇಳಿದರೆ, "ಗ್ರಾಫು ಮೂರು ಆಯಾಮದಲ್ಲಿ ಬರುತ್ತದೆ" ಎಂದರು. ನಿಜ, ಗೋಪುರದ ಹಾಗೆ ಎದ್ದು ನಿಲ್ಲುತ್ತಿತ್ತು, ಒಳಗೆ ಏನಿದೆಯೆಂದು ಮಾತ್ರ ಕಾಣುತ್ತಿರಲಿಲ್ಲ.

ಹಳೆಯ ಫೈಲುಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ನನಗೆ ಬಂತು. ತೆರೆದು ನೋಡಿದರೆ ಹಳೆಯ ಫಾಂಟಿನ ಕನ್ನಡವೆಲ್ಲ ಚೌಕ, ಪ್ರಶ್ನೆಚಿಹ್ನೆಗಳಾಗಿತ್ತು. ಒಂಬತ್ತರ ಅರ್ಥವೂ ಅದರಲ್ಲೇ ಹೋಗಿತ್ತು. ಆಮೇಲೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು, ಒಂಬತ್ತು ಎಂದಿರುವಲ್ಲೆಲ್ಲ ಉತ್ತರ ಸಿಕ್ಕಿಲ್ಲ ಎಂದು ತಿಳಿಯಲೇ ಎಂದು. ಹೌದು ಎಂಬುದಕ್ಕೆ ಗುರುತು ಅದೇ ಹಾಕಿ ಕೊಟ್ಟಿತ್ತು. ಅಕ್ಕ ನನ್ನ ಕುರ್ಚಿಯ ಹಿಂದೆ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ನೋಡುತ್ತಿದ್ದರು.

"ಅದು ಒಂಬತ್ತರದ್ದು ಎಂತ ಕೇಳುವುದು ಮಾರಾಯ್ತಿ?"

"ಅದೆಲ್ಲ ನಿಮಗೆ ಅರ್ಥ ಆಗ್ಲಿಕ್ಕಿಲ್ಲ ಅಕ್ಕ," ಎಂದು ಆ ಹೌದನ್ನೇ ಒತ್ತಿಬಿಟ್ಟೆ. ಪೂರ್ತಿ ಓದಿಯೂ ಇರಲಿಲ್ಲ.

ವರದಿ ಅಚ್ಚಾಗಿ ದತ್ತಿ ಸಂಸ್ಥೆಗೆ ಹೋಯಿತು. ನಮ್ಮ ಕೈಗೆ ಪ್ರತಿ ಬಂದ ದಿನ ಅಕ್ಕ ತನ್ನೂರಿನ ಸಾಲನ್ನು ಬೆರಳಿಟ್ಟು ಓದಿದರು, ಮತ್ತೊಮ್ಮೆ ಓದಿದರು. ದುಡಿಯುವ ತಾಯಂದಿರು ಬೆರಳೆಣಿಕೆಯಷ್ಟು! ಅಕ್ಕ ಎಂದೂ ಹೋಗದಿದ್ದ ಡೈರೆಕ್ಟರ ಕೋಣೆಗೆ ವರದಿ ಹಿಡಿದು ಹೋದರು. ನಾನೂ ಹಿಂದೆ ಹೋದೆ.

"ಸರ್, ನಮ್ಮ ಮನೆ ಹಿಂದಿನ ಗುಡ್ಡೆಯಲ್ಲೇ ಇದಕ್ಕಿಂತ ಜಾಸ್ತಿ ಹೆಂಗಸರಿದ್ದಾರೆ. ಫಾರ್ಮು ಎಲ್ಲ ಉಂಟು. ಇನ್ನೊಮ್ಮೆ ಕೈಯಲ್ಲಿ ಎಣಿಸುವ."

"ಕೈಯಲ್ಲಾ?" ಡೈರೆಕ್ಟರು ನಕ್ಕರು. "ಊರು ಆರಿಸಿ ಆಗಿದೆ. ಮತ್ತೆ ಹೊಸ ವರ್ಷನ್ ತಪ್ಪು ಮಾಡುವುದಿಲ್ಲ. ತಪ್ಪಾಗಿದ್ದರೆ ನಿಮ್ಮ ಕೋಡಿಂಗಿನಲ್ಲಿ ಆಗಿರಬೇಕು." ನನ್ನ ಕಡೆ ತಿರುಗಿದರು. "ನೀವು ಏನು ಹೇಳ್ತೀರಿ?"

ನಾನು ಏನನ್ನೂ ಹೇಳಲಿಲ್ಲ. ವರದಿಯಲ್ಲಿ ಅಂಕೆ ನೋಡಿದಾಗಲೇ ನನಗೆ ಎಲ್ಲವೂ ಗೊತ್ತಾಗಿತ್ತು, ನಾನು ಒತ್ತಿದ ಹೌದಿನಿಂದ ಒಂಬತ್ತಿನ ಹೆಂಗಸರೆಲ್ಲ ಲೆಕ್ಕದಿಂದ ಹೊರಗೆ ಬಿದ್ದಿದ್ದರು. ಅಕ್ಕ ನನ್ನನ್ನು ಒಮ್ಮೆ ನೋಡಿದರು. ಮತ್ತೆ, "ಆಯ್ತು ಸರ್, ನನ್ನದೇ ಇರಬೇಕು," ಎಂದರು. ಕೊಡೆ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದವರು ಆಮೇಲೆ ಬರಲಿಲ್ಲ. ಬರುವುದು ಬೇಡ ಎಂದು ಕಚೇರಿಯಿಂದ ಕಾಗದವೂ ಹೋಯಿತು. ಮತ್ತೆ ಬೀಡಿ ಕಟ್ಟಲು ಕುಳಿತಿದ್ದಾರಂತೆ ಎಂದು ಯಾರೋ ಹೇಳಿದ್ದು ಕೇಳಿದ್ದೆ... ಆ ಮಣಿಕಟ್ಟಿನಲ್ಲಿ.

ಮಕ್ಕಳ ಕೇಂದ್ರವು ಪೇಟೆಯ ಬದಿಯ ಇನ್ನೊಂದು ಊರಿಗೆ ಹೋಯಿತು. ಬಿಡಲು ಮಕ್ಕಳೇ ಇಲ್ಲದೆ ಎರಡು ವರ್ಷದಲ್ಲಿ ಮುಚ್ಚಿತು. ಈಗ ಅದರಲ್ಲಿ ಶಾಮಿಯಾನದವರು ಕುರ್ಚಿ ತುಂಬಿಸಿಟ್ಟಿದ್ದಾರೆ. ಡೈರೆಕ್ಟರು ಇನ್ನೂ ದೊಡ್ಡ ಕುರ್ಚಿಗೆ ಹೋದರು. ಗ್ರಾಮೀಣ ಮಹಿಳೆಯ ಬಗ್ಗೆ ಈಗಲೂ ಮಾತಾಡುತ್ತಾರಂತೆ, ಜನ ಈಗಲೂ ಚಪ್ಪಾಳೆ ತಟ್ಟುತ್ತಾರಂತೆ. ಅವರ ಮೇಲೆ ನನಗಿರುವ ತಿರಸ್ಕಾರಕ್ಕೆ ಕೊನೆಯಿಲ್ಲ. ಆದರೆ ಅವರಿಗೆ ನಿಜವಾಗಿ ಏನೂ ತಿಳಿದಿರಲಿಲ್ಲ. ತಿಳಿದೂ ಬಾಯಿ ಮುಚ್ಚಿದವಳು ನಾನು. ತಪ್ಪು ತನ್ನದೇ ಎಂದು ಅಕ್ಕ ನಂಬಿದ್ದಾರೆ, ಸದ್ಯ, ನನ್ನದೆಂದು ಅವರಿಗೆ ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಕಳೆದೆ. ಎಂಥ ಹೇಸಿಗೆಯ ಸಮಾಧಾನ!

ಮೊನ್ನೆ ಕಟ್ಟು ಬಿಚ್ಚಿ ಒಂಬತ್ತುಗಳನ್ನು ಕೈಯಲ್ಲೇ ಎಣಿಸಿದೆ. ಒಂದು ಮಧ್ಯಾಹ್ನದ ಕೆಲಸ, ಅಷ್ಟೇ. ಸಿದ್ಧಕಟ್ಟೆ ಎಲ್ಲ ಊರುಗಳಿಗಿಂತ ಮೇಲಿತ್ತು. ಫೋನಿನಲ್ಲಿ ಅಕ್ಕನ ಮನೆಯ ನಂಬರು ಇತ್ತು, ಇಷ್ಟು ವರ್ಷದಲ್ಲಿ ಒತ್ತಿದ್ದು ಅಂದೇ ಮೊದಲು. ಎತ್ತಿದ್ದು ಸೊಸೆ.

"ಅತ್ತೆ ತೀರಿಕೊಂಡು ಎರಡು ವರ್ಷ ಆಯ್ತಲ್ಲ," ಎಂದರು.

ನಾನು ಯಾರೆಂದು ಹೇಳಿದೆ. ಅಂದಿನ ತಪ್ಪು ಅವರದ್ದಲ್ಲ, ನನ್ನದು ಎಂದೂ ಹೇಳಿದೆ.

"ಅದು ಅತ್ತೆಗೆ ಗೊತ್ತಿತ್ತು," ಎಂದರು ಸೊಸೆ, ತೀರಾ ಮಾಮೂಲಿನ ಹಾಗೆ. "ನೀವು ಒತ್ತುವಾಗ ಅವರು ಹಿಂದೆಯೇ ಇದ್ದರಂತಲ್ಲ. ಕೇಂದ್ರ ಹೇಗೂ ಹೋಯ್ತು, ಆ ಹುಡುಗಿಗೆ ಈಗಷ್ಟೇ ಕೆಲಸ ಸಿಕ್ಕಿದ್ದು, ಅದೂ ಹೋಗುವುದು ಬೇಡ ಅಂತ ಹೇಳ್ತಿದ್ದರು. ಒಂದು ದಿನ ಬಂದು ಅವಳೇ ಹೇಳ್ತಾಳೆ ನೋಡು ಅಂತ ಕಾಯ್ತಾ ಇದ್ದರು."