ಹಗಲು ನಿದ್ದೆಗೆ ಓಣಿಯ ಕಾವಲು

ದಾಳಿಂಬೆ ತೋಟಗಳನ್ನು ನೋಡಲು ಅಮೆರಿಕಕ್ಕೆ ಹೋಗಿ ಕುಷ್ಟಗಿಗೆ ಮರಳಿದಾಗ ನನಗೆ ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ಜೊತೆಗೆ ಬಂದಿದ್ದ ರೈತರೊಬ್ಬರು ಇದಕ್ಕೆ ಜೆಟ್ ಲ್ಯಾಗ್ ಅಂತಾರೆ, ನಾಲ್ಕು ದಿನ ಹಗಲು ಕಣ್ಣು ಮುಚ್ಚದಿದ್ದರೆ ಸರಿಹೋಗುತ್ತದೆ ಎಂದಿದ್ದರು. ಅದನ್ನು ಮನೆಯಲ್ಲಿ ಬಾಯಿಬಿಟ್ಟಿದ್ದೇ ನನ್ನ ತಪ್ಪು. ಮಧ್ಯಾಹ್ನದ ನಿದ್ದೆಯನ್ನು ಎಂದೂ ಬಿಡದ ನಮ್ಮ ಓಣಿ, ನನ್ನನ್ನು ಕಾಯಲೆಂದು ಅದನ್ನೂ ಬಿಟ್ಟು ನಿಂತಿತು.

ರೊಟ್ಟಿ ಉಂಡು ಗೋಡೆಗೆ ಒರಗಿದರೆ ಸಾಕು, ಹೆಂಡತಿ "ಏಳ್ರಿ, ಬಿಸಲಾಗ ಅಡ್ಡಾಡಿ ಬರ್ರಿ" ಎನ್ನುವಳು. ಅಕ್ಕ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುವಳು. ಎದುರುಮನೆಯ ಕಾಕಾ ತಾಸಿಗೊಮ್ಮೆ ಕಿಟಕಿಯಲ್ಲಿ ಇಣುಕಿ, "ಎಚ್ಚರ ಅದೀಯೇನೋ ತಮ್ಮಾ?" ಎಂದು ಕೂಗುವರು. ಚಹಾ ಕುಡಿದು ಕುಡಿದು ಹೊಟ್ಟೆ ಉರಿಯತೊಡಗಿತು. ಒಮ್ಮೆ ಕೂತಲ್ಲೇ ತೂಕಡಿಸಿದ್ದಕ್ಕೆ ಅಕ್ಕ ಮುಖಕ್ಕೆ ಒಂದು ತಂಬಿಗೆ ನೀರೇ ಎರಚಿದಳು.

"ನನ್ನ ನಿದ್ದಿ ಉಸಾಬರಿ ನಿಮಗ್ಯಾಕ?" ಎಂದು ರೇಗಿದೆ.

"ನಿನ್ನ ಛಲೋದಕ್ಕ ಮಾಡಾಕತ್ತೀವಿ" ಎಂದಳು ಅಕ್ಕ.

ಐದನೆಯ ದಿನ ಮಧ್ಯಾಹ್ನ ಎರಡಾದರೂ ನಿದ್ದೆಯ ಸುಳಿವಿಲ್ಲ. ಗುಣವಾಯಿತೆಂದು ಹೇಳಲು ಒಳಗೆ ಹೋದರೆ ಹೆಂಡತಿ, ಅಕ್ಕ ಇಬ್ಬರೂ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಕಾಕಾನಿಗಾದರೂ ಹೇಳೋಣವೆಂದು ಅವರ ಬಾಗಿಲು ಬಡಿದೆ. ಕಾಕಾನ ಹೆಂಡತಿ ಕಾಕು ಅರ್ಧ ಬಾಗಿಲು ತೆರೆದು, ಕೆಂಪಗಾದ ಕಣ್ಣಲ್ಲಿ ನನ್ನನ್ನು ನೋಡಿ ಸಿಡುಕಿದರು:

"ಹೊತ್ತು ಗೊತ್ತು ಇಲ್ಲೇನಪಾ ನಿನಗ? ಮಂದಿ ಮಕ್ಕೊಳ್ಳೋ ಹೊತ್ತಿನ್ಯಾಗ ಬಾಗಲಾ ಬಡೀತಾರೇನು?"