ಆರ್ಡಿತ್ ಮಿಕ್ಕೆಲ್ಸನ್ ‘ಹೌದು’ ಎಂದದ್ದು

ಸಾನ್‌ಪೀಟ್ ಕಣಿವೆಗೆ ಜೂನ್ ತಿಂಗಳಲ್ಲಿ ಎರಡು ದಂಡು ಬಂದಿಳಿಯುತ್ತಿದ್ದವು. ಗುಡ್ಡದ ಮೇಲಿನ ದೇವಾಲಯದ ಹುಲ್ಲುಹಾಸಿನಲ್ಲಿ ಆಡುವ, ತಮ್ಮ ಧರ್ಮ ಸ್ಥಾಪಿಸಿದ ಪ್ರವಾದಿ ಜೋಸೆಫನ ನಾಟಕ ನೋಡಲು ಅಮೆರಿಕದ ಯೂಟಾ ರಾಜ್ಯದ ಮೂಲೆಮೂಲೆಯಿಂದ ಬರುವ ಮಾರ್ಮನ್ ಸಂಸಾರಗಳು ಒಂದು ದಂಡು. ಆ ಪ್ರವಾದಿ ಸುಳ್ಳುಗಾರನೆಂದು ಅವರಿಗೆ ತಿಳಿಹೇಳಲು ಕರಪತ್ರಗಳ ಕಟ್ಟು ಹಿಡಿದು ಬರುವವರು ಇನ್ನೊಂದು. ಎರಡು ದಂಡಿನ ಹೊಟ್ಟೆಗೂ ಹಾಕುತ್ತಿದ್ದವಳು ಆರ್ಡಿತ್ ಮಿಕ್ಕೆಲ್ಸನ್.

ನಾಟಕದ ದಿನಗಳಲ್ಲಿ ಮಾರ್ಮನ್ ಸಭೆಯ ಹೆಂಗಸರು ಊರ ಪಾರ್ಕಿನಲ್ಲಿ ಚಪ್ಪರ ಹಾಕಿ ಕೆಂಡದಲ್ಲಿ ಸುಟ್ಟ ಟರ್ಕಿ ಕೋಳಿ, ಬೆಣ್ಣೆ ಹಾಕಿದ ಆಲೂಗಡ್ಡೆ, ಮೆತ್ತನೆಯ ಬನ್ನು ಬಡಿಸುತ್ತಿದ್ದರು. ಕಾಫಿ ಮಾತ್ರ ಇಲ್ಲ, ಅದು ಮಾರ್ಮನರಿಗೆ ನಿಷಿದ್ಧ. ಕೋಳಿಗಳು ಬಹುಪಾಲು ಬರುತ್ತಿದ್ದದ್ದು ಆರ್ಡಿತಳ ಗಂಡ ಗಾರ್ತ್‌ನ ಕೋಳಿಮನೆಗಳಿಂದ. ಅಡುಗೆಯ ಯಜಮಾನಿಕೆ ಅವಳದ್ದು. ಭಾನುವಾರ ದೊಡ್ಡವರಿಗೆ ಧರ್ಮಪಾಠ ಹೇಳುವವಳೂ ಅವಳೇ. ಅವರಲ್ಲಿ ಸಂಬಳದ ಪಾದ್ರಿ ಎಂಬವನಿಲ್ಲ. ಬಿಷಪ್ ಆದವನೂ ವಾರವೆಲ್ಲ ಟೈರಿನ ಅಂಗಡಿ ನೋಡಿಕೊಂಡು ಭಾನುವಾರ ಟೈ ಕಟ್ಟುವವನು. ಯಾರಿಗೆ ಯಾವ ಸೇವೆ ಬರುತ್ತದೋ ಅದನ್ನು ಅವರು ಮಾಡಬೇಕು, ಬಿಡು ಎಂದಾಗ ಬಿಡಬೇಕು.

ಆ ಚಪ್ಪರಕ್ಕೆ ನೋಲಾ ಕ್ರೌಚ್ ಮೊದಲ ಸಲ ಬಂದಾಗ ಆರ್ಡಿತಳಿಗೆ ಐವತ್ತರ ಹತ್ತಿರ. ನೋಲಾಳದೂ ಹೆಚ್ಚುಕಡಿಮೆ ಅದೇ ವಯಸ್ಸು. ಪಕ್ಕದ ಐಡಹೊ ರಾಜ್ಯದ, ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತಳು. ಮಾರ್ಮನರನ್ನು ದಾರಿಗೆ ತರುವುದು ತನ್ನ ಪಾಲಿನ ಕೆಲಸ ಎಂದು ನಂಬಿದ್ದವಳು. ಕರಪತ್ರಗಳನ್ನು ಕುರ್ಚಿಯ ಕೆಳಗಿಟ್ಟು, ಟಿಕೆಟ್ ಕೊಂಡು, ಎಲ್ಲರ ಜೊತೆ ಊಟಕ್ಕೆ ಕೂತಳು.

“ಬನ್ನು ಇನ್ನೊಂದು ಹಾಕ್ಲಾ?” ಎಂದಳು ಆರ್ಡಿತ್.

“ಹಾಕಿ. ಅಂದ್ಹಾಗೆ, ನಿಮ್ಮ ಧರ್ಮಗ್ರಂಥ ಕೊರೆದಿತ್ತು ಅನ್ನೋ ಆ ಚಿನ್ನದ ಹಲಗೆಗಳನ್ನ ನಿಮ್ಮ ಪ್ರವಾದಿ ಹೇಗೆ ಓದ್ದ ಅಂತ ಗೊತ್ತೇನ್ರೀ ನಿಮ್ಗೆ?”

“ಗೊತ್ತಿಲ್ದೆ ಏನು? ಮೇಜಿನ ಮೇಲೆ ಇಟ್ಕೊಂಡು, ದೇವರು ಕೊಟ್ಟ ವರದಿಂದ ಓದ್ದ. ನಮ್ಮ ಪ್ರಾರ್ಥನಾಮಂದಿರದಲ್ಲಿ ಚಿತ್ರಾನೇ ಇದೆ.”

“ಚಿತ್ರ ಬರೆದೋನು ಅಲ್ಲಿದ್ನಾ? ಟೋಪಿ ಒಳಗೊಂದು ಕಲ್ಲು ಹಾಕಿ, ಟೋಪಿಗೆ ಮುಖ ಹುದುಗಿಸ್ಕೊಂಡು ಹೇಳ್ತಾ ಹೋದ ಕಣ್ರೀ. ಹಲಗೆಗಳು ಬಟ್ಟೆ ಸುತ್ಕೊಂಡು ಪಕ್ಕದಲ್ಲಿ ಬಿದ್ದಿದ್ವು.”

“ಸುಳ್ಳು!”

“ಸುಳ್ಳಾದ್ರೆ ಮುಂದಿನ ವರ್ಷ ಬಂದು ಕ್ಷಮೆ ಕೇಳ್ತೀನಿ. ಹೋಗಿ ವಿಚಾರಿಸಿ,” ಎಂದು ನೋಲಾ ಬನ್ನು ಮುರಿದು ಗೊಜ್ಜಿಗೆ ಅದ್ದಿದಳು.

ಆರ್ಡಿತ್ ಬಿಷಪ್ಪನನ್ನು ವಿಚಾರಿಸಿದಳು. ಅವನು, “ಸಿಸ್ಟರ್ ಮಿಕ್ಕೆಲ್ಸನ್, ಕೆಸರಿಗೆ ಕಲ್ಲು ಹಾಕಿದ್ರೆ ನಮ್ಮ ಮುಖಕ್ಕೇ ಸಿಡಿಯೋದು. ಬಿಟ್ಬಿಡಿ,” ಎಂದ. ಅವಳು ಬಿಡಲಿಲ್ಲ. ಚಳಿಗಾಲದಲ್ಲಿ ಕೋಳಿಮನೆಯ ಕೆಲಸ ಕಡಿಮೆ. ಪಕ್ಕದ ಊರಿನ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಕೂತು, ಹಳೆಯ ಕಾಲದವರು ಹೇಳಿಟ್ಟದ್ದನ್ನೆಲ್ಲ ಓದತೊಡಗಿದಳು. ಹಿಮ ಕರಗುವ ಮುಂಚೆಯೇ ಸಿಕ್ಕಿತು. ಹೇಳಿದ್ದವಳು ವೈರಿಯಲ್ಲ; ಪ್ರವಾದಿಯ ಹೆಂಡತಿಯೇ, ತನ್ನ ಮುಪ್ಪಿನಲ್ಲಿ. ಟೋಪಿಯೂ ಇತ್ತು, ಕಲ್ಲೂ ಇತ್ತು.

ಆರ್ಡಿತ್ ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತಳು.

“ಯಾರು ಹೋದ್ರು?” ಎಂದ ಗಾರ್ತ್, ಗಾಬರಿಯಾಗಿ.

ಅವಳು ಹೇಳಿದಳು. ಗಾರ್ತ್ ಬೂಟಿನ ದಾರ ಬಿಚ್ಚುತ್ತ ಕೇಳಿದ, “ನಿಮ್ಮಜ್ಜ ಬಾವಿ ತೋಡೋಕೆ ಜಾಗ ಹೇಗೆ ಹುಡುಕ್ತಿದ್ರು?”

“ವಿಲೋ ಮರದ ಕವೆಕಡ್ಡಿ ಹಿಡ್ಕೊಂಡು ನಡೀತಿದ್ರು. ಕಡ್ಡಿ ಬಗ್ಗಿದ ಕಡೆ ತೋಡ್ಸೋರು.”

“ಯಾರಾದ್ರೂ ನಕ್ರಾ?”

“ನೀರು ಬಂದ್ಮೇಲೆ ಯಾಕೆ ನಗ್ತಾರೆ?”

“ಮತ್ತೆ ಕಲ್ಲು ಕಂಡ್ರೆ ನಿಂಗ್ಯಾಕೆ ಭಯ?”

“ಕಲ್ಲಿಗಲ್ಲ ಗಾರ್ತ್. ಚಿಕ್ಕವಳಿಂದ ಆ ಚಿತ್ರದ ಕೆಳಗೆ ಕೂತೋಳು ನಾನು. ಒಬ್ರಾದ್ರೂ ಹೇಳ್ಬಾರ್ದಿತ್ತಾ? ಹೊರಗಿನೋಳು ಬಂದು ಹೇಳ್ಬೇಕಾಯ್ತಾ?”

ಗಾರ್ತ್ ಎದ್ದು ಅವಳ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ.

ಮುಂದಿನ ಜೂನ್‌ನಲ್ಲಿ ನೋಲಾ ಚಪ್ಪರಕ್ಕೆ ಬರುವವರೆಗೆ ಆರ್ಡಿತ್ ಕಾಯಲಿಲ್ಲ. ಏಪ್ರನ್ ಕಟ್ಟಿಕೊಂಡೇ ಬೀದಿಗೆ ಹೋಗಿ ಅವಳನ್ನು ಹುಡುಕಿದಳು. ವಿರೋಧಿಗಳು ಸಾಲಾಗಿ ನಿಂತಿದ್ದರು. ಒಬ್ಬ ಧ್ವನಿವರ್ಧಕ ಹಿಡಿದು ನರಕದ ವಿವರ ಕೊಡುತ್ತಿದ್ದ. ನೋಲಾ ಕೊನೆಯಲ್ಲಿದ್ದಳು.

“ನೀವು ಹೇಳಿದ್ದು ಹೌದು,” ಎಂದಳು ಆರ್ಡಿತ್.

ವಾದಕ್ಕೆ ಸೊಂಟ ಕಟ್ಟಿ ಬಂದಿದ್ದ ನೋಲಾ ತಬ್ಬಿಬ್ಬಾದಳು. “ಏನು ಹೌದು?”

“ಟೋಪಿ ಹೌದು, ಕಲ್ಲೂ ಹೌದು. ಸುಳ್ಳು ಅಂದಿದ್ದು ನನ್ನ ತಪ್ಪು. ಆದ್ರೆ ನಮ್ಮಜ್ಜ ಮರದ ಕಡ್ಡಿ ಹಿಡಿದು ನೀರು ಹುಡುಕ್ತಿದ್ದ. ದೇವರು ಯಾರ ಕೈಗೆ ಏನು ಕೊಟ್ಟು ಕೆಲಸ ಮಾಡಿಸ್ತಾನೋ, ಬೇಡ ಅನ್ನೋಕೆ ನಾನ್ಯಾರು?”

“ಇದು ಉತ್ತರ ಅಲ್ಲ ಕಣ್ರೀ.”

“ಅಲ್ದೇ ಇರಬಹುದು. ಊಟ ಆಯ್ತಾ?”

ಅಲ್ಲಿಂದ ಅವರಿಬ್ಬರ ನಡುವೆ ಒಂದು ವಿಚಿತ್ರ ಸಲಿಗೆ ಬೆಳೆಯಿತು. ಪ್ರತಿ ಜೂನ್‌ನಲ್ಲೂ ನೋಲಾ ಹೊಸ ಪ್ರಶ್ನೆಯೊಂದಿಗೆ ಬರುತ್ತಿದ್ದಳು. ಮುಂದಿನ ಜೂನ್‌ಗೆ ಆರ್ಡಿತ್ ಓದಿಕೊಂಡು ತಯಾರಾಗಿರುತ್ತಿದ್ದಳು. ನೀವು ಹೋಗಿ ನೀನು ಬಂತು. ಒಂದು ವರ್ಷ, ಹುಡುಗ ಜೋಸೆಫನಿಗೆ ತೋಪಿನಲ್ಲಿ ದೇವರು ಕಾಣಿಸಿದ ಕತೆಯನ್ನು ಅವನೇ ಬೇರೆಬೇರೆ ಸಲ ಬೇರೆಬೇರೆ ಥರ ಹೇಳಿದ್ದಾನೆ ಎಂದು ನೋಲಾ ಹಿಡಿದಳು.

“ಹೌದು, ಹೇಳಿದಾನೆ,” ಎಂದಳು ಆರ್ಡಿತ್. “ನನ್ನ ಚೊಚ್ಚಲ ಹೆರಿಗೆ ಕತೇನ ಅಮ್ಮನಿಗೆ ಒಂಥರ ಹೇಳಿದೀನಿ, ಡಾಕ್ಟರಿಗೆ ಒಂಥರ, ಸೊಸೆಗೆ ಇನ್ನೊಂಥರ. ಮಗು ಒಂದೇ ತಾನೆ?”

“ಅದ್ಸರಿ. ಆದ್ರೆ ಒಂದ್ಸಲ ಒಂದು ಮಗು ಅಂತ, ಇನ್ನೊಂದ್ಸಲ ಅವಳಿ ಅಂತ ಹೇಳ್ಲಿಲ್ವಲ್ಲ ನೀನು! ಮೊದಲು ಬರೆದಾಗ ಬರೀ ಪ್ರಭು ಬಂದ ಅಂತಾನೆ, ಆಮೇಲೆ ತಂದೆ–ಮಗ ಇಬ್ರೂ ಬಂದ್ರು ಅಂತಾನೆ.”

“ಅದೂ ಹೌದು,” ಎಂದಳು ಆರ್ಡಿತ್. ಆಮೇಲೆ ಇಬ್ಬರೂ ಬಿದ್ದುಬಿದ್ದು ನಕ್ಕರು. ಬನ್ನಿನ ತಟ್ಟೆ ಹಿಡಿದ ಹೆಂಗಸರೆಲ್ಲ ತಿರುಗಿ ನೋಡಿದರು.

ನಗಲಾಗದ ಪ್ರಶ್ನೆಯೂ ಬಂತು. ಪ್ರವಾದಿಗೆ ಹಲವು ಹೆಂಡಿರಿದ್ದರೆಂಬುದನ್ನು ಕಣಿವೆಯಲ್ಲಿ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಆದರೆ ಆರ್ಡಿತಳ ಮುತ್ತಜ್ಜಿ ಕಿರ್ಸ್ಟೆನ್ ಡೆನ್ಮಾರ್ಕಿನಿಂದ ಬಂದು ಇಲ್ಲೇ ಎರಡನೆಯ ಹೆಂಡತಿಯಾಗಿ ಬಾಳಿದವಳು. ಗಂಡ ವಾರ ಬಿಟ್ಟು ವಾರ ಮನೆಗೆ ಬರುತ್ತಿದ್ದ. ಹಾಗಾಗಿ ಬಹುಪತ್ನಿತ್ವ ಎಂದರೆ ಆರ್ಡಿತ್ ಬೆಚ್ಚುವವಳಲ್ಲ. ನೋಲಾ ಕೇಳಿದ್ದು ಬೇರೆ. ಆ ಹೆಂಡಿರಲ್ಲಿ ಒಬ್ಬಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲ, ಅದಕ್ಕೇನು ಹೇಳುತ್ತೀ?

ಆರ್ಡಿತ್ ಓದಿದಳು. ಪರಲೋಕದ ನಂಟಿಗಾಗಿ ಮಾತ್ರ ನಡೆದ ಮದುವೆ ಅದು ಎಂದರು ಕೆಲವರು. ಆ ಕಾಲವೇ ಹಾಗಿತ್ತು ಎಂದರು ಇನ್ನು ಕೆಲವರು. ಆ ಹುಡುಗಿಯೇ ದೊಡ್ಡವಳಾದ ಮೇಲೆ ಧರ್ಮದ ಪರವಾಗಿ ಗಟ್ಟಿಯಾಗಿ ಬರೆದಿದ್ದಳು. ಆಗ ತನಗಾದ ನೋವನ್ನೂ ಬಚ್ಚಿಟ್ಟಿರಲಿಲ್ಲ. ಎಲ್ಲವನ್ನೂ ಓದಿದ ಮೇಲೂ ನೋಲಾಳ ಪ್ರಶ್ನೆ ಹಾಗೇ ಇತ್ತು.

ಆ ಚಳಿಗಾಲದ ಒಂದು ಭಾನುವಾರ ಪಾಠದಲ್ಲಿ ಒಬ್ಬಳು ಅದನ್ನೇ ಕೇಳಿಬಿಟ್ಟಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿ ದಾಟಿಸಬಹುದಿತ್ತು. ಆರ್ಡಿತ್ ಹಾಗೆ ಮಾಡಲಿಲ್ಲ.

“ಹೌದು, ಅದು ನಡೆದಿದೆ. ಯಾಕೆ ಅಂತ ನಂಗೆ ಗೊತ್ತಿಲ್ಲ. ನನ್ನ ಮಗಳನ್ನ ಕೇಳಿದ್ದಿದ್ರೆ ನಾನಂತೂ ಕೊಡ್ತಿರ್ಲಿಲ್ಲ. ಪ್ರವಾದಿ ಅಂತ ನಂಬ್ತೀನಿ; ಅವನು ಮಾಡಿದ್ದೆಲ್ಲ ಸರಿ ಅಂತ ಪ್ರಮಾಣ ಮಾಡೋಕೆ ನಂಗಾಗಲ್ಲ.”

 ಹಿಂದಿನ ಸಾಲಿನಲ್ಲಿ ಕೂತಿದ್ದ ಕುರಿಗಾರ ವಾನ್ ಓಸ್ಲರ್ ಎದ್ದು ಹೊರಗೆ ನಡೆದ. ಆ ವಾರವೇ ಬಿಷಪ್ ಮನೆಗೆ ಬಂದು, ಕೊಟ್ಟ ಸಿಹಿ ಮುಟ್ಟದೆ, ಟೋಪಿ ತಿರುಗಿಸುತ್ತ ಕೂತ. “ಬ್ರದರ್ ಓಸ್ಲರ್ ತುಂಬ ನೊಂದ್ಕೊಂಡಿದಾರೆ. ಇನ್ನೂ ಕೆಲವರು… ನಿಮ್ಗೂ ವರ್ಷಾನುಗಟ್ಲೆ ಆಯ್ತಲ್ಲ, ಸ್ವಲ್ಪ ವಿಶ್ರಾಂತಿ…”

ಮುಂದಿನ ಭಾನುವಾರ ಅವಳನ್ನು ಪಾಠದಿಂದ ಬಿಡುಗಡೆ ಮಾಡಿದ್ದು ಸಭೆಗೆ ತಿಳಿಯಿತು. ಅವಳ ಸೇವೆಗೆ ಕೃತಜ್ಞತೆಯೆಂದು ಎಲ್ಲರೂ ವಾಡಿಕೆಯಂತೆ ಕೈ ಎತ್ತಿದರು. ವಾನ್ ಕೂಡ ಎತ್ತಿದ. ಹೊಸ ಸೇವೆ, ಮೂರು ತುಂಬದ ಮಕ್ಕಳ ಕೋಣೆ.

ಗಾರ್ತ್ ಕೆಂಡಾಮಂಡಲನಾದ. “ಈ ಜೂನ್‌ಗೆ ನನ್ನ ಒಂದು ಕೋಳೀನೂ ಆ ಚಪ್ಪರಕ್ಕೆ ಹೋಗಲ್ಲ!”

“ಕೋಳಿಗಳೇನು ಮಾಡಿದ್ವು ಪಾಪ?” ಎಂದಳು ಆರ್ಡಿತ್. ಆದರೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಾತಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಅಷ್ಟೊಂದು ಕೈಗಳು ಅಷ್ಟು ಸಲೀಸಾಗಿ ಎದ್ದವಲ್ಲ ಎಂಬುದು ಚುಚ್ಚುತ್ತಿತ್ತು.

ಜೂನ್‌ನಲ್ಲಿ ಚಪ್ಪರಕ್ಕೆ ಬಂದು ಸುದ್ದಿ ಕೇಳಿದ ನೋಲಾಳ ಮುಖ ಅರಳಿತು. “ಈಗಲಾದ್ರೂ ಹೊರಗೆ ಬಾ ಆರ್ಡಿತ್. ನಿಜ ಹೇಳಿದ್ದಕ್ಕೆ ಮೂಲೆಗೆ ಕೂರಿಸಿದ್ರಲ್ಲ!”

ಆರ್ಡಿತ್ ಟರ್ಕಿಯ ತುಂಡು ಕೊಯ್ಯುತ್ತಲೇ ಇದ್ದಳು. “ಒಂದು ವರ್ಷ ಅಕ್ಟೋಬರಿನಲ್ಲೇ ಹಿಮ ಬಿತ್ತು. ನಮ್ಮ ಕೋಳಿಗಳೆಲ್ಲ ಬಯಲಲ್ಲಿದ್ವು. ಯಾರನ್ನೂ ಕರೀಲಿಲ್ಲ ನಾವು. ಬೆಳಗಾಗೋಷ್ಟರಲ್ಲಿ ಇಡೀ ಸಭೆ ಹೊಲದಲ್ಲಿತ್ತು. ಆ ವಾನ್ ಓಸ್ಲರ್ ಕೋಟೊಳಗೆ ಎರಡೆರಡು ಕೋಳಿ ಅವುಚ್ಕೊಂಡು ಓಡ್ತಿದ್ದ. ಅವತ್ತು ಆ ಹೊಲದಲ್ಲಿ ದೇವರಿದ್ದ ನೋಲಾ. ಅದನ್ನ ನಾನು ಕಂಡಿದೀನಿ. ಬೇರೆ ಎಷ್ಟೋ ವಿಷಯ ಬರೀ ಕೇಳಿದೀನಿ.”

“ದೇವರು ನಮ್ಮ ಕಡೆ ಹೊಲಗಳಿಗೂ ಬರ್ತಾನೆ.”

“ಬರ್ತಾನೆ, ಬರದೆ ಏನು. ನಿನ್ನನ್ನ ಅಲ್ಲಿಂದ ಏಳು ಅಂದ್ನಾ ನಾನು?”

ವರ್ಷಗಳು ಕಳೆದವು. ಮಕ್ಕಳ ಕೋಣೆಯಲ್ಲಿ ಆರ್ಡಿತ್ ಮೂಗು ಒರೆಸಿದಳು, ಬಿಸ್ಕತ್ತು ಹಂಚಿದಳು, ಹಾಡು ಹೇಳಿಸಿದಳು. ಪಾಠಕ್ಕಿಂತ ಇದು ವಾಸಿ ಎಂದು ಅವಳಿಗೇ ಒಮ್ಮೊಮ್ಮೆ ಅನ್ನಿಸಿತು. ಕೊನೆಗೊಂದು ದಿನ ಅವರ ಧರ್ಮದ ಹಿರಿಯರೇ ಟೋಪಿಯ ಮಾತನ್ನೂ ಹೆಂಡಿರ ಮಾತನ್ನೂ ತಮ್ಮ ಅಂತರ್ಜಾಲ ತಾಣದಲ್ಲಿ ಬರೆದು ಹಾಕಿದರು. ಊರಲ್ಲಿ ಕೆಲವರು ಓದಿದರು, ಕೆಲವರು ಓದದೆ ಬಿಟ್ಟರು. ವಾನ್ ಓಸ್ಲರನ ಕಿರಿಮಗಳು ಬ್ರಿಂಡಿ ಓದಿ, ತನಗೆ ಇಷ್ಟು ದಿನ ಮೋಸವಾಯಿತೆಂದು ಸಭೆಗೆ ಬರುವುದನ್ನೇ ನಿಲ್ಲಿಸಿದಳು.

ಒಂದು ಮಧ್ಯಾಹ್ನ ವಾನ್ ತನ್ನ ಪಿಕಪ್ ನಿಲ್ಲಿಸಿ ಆರ್ಡಿತಳ ಬಾಗಿಲಿಗೆ ಬಂದ. ಕೈಯಲ್ಲಿ ಹೆಂಡತಿ ಕಳಿಸಿದ ಪೀಚ್ ಹಣ್ಣಿನ ಸೀಸೆಗಳು. ಮುದುಕನಾಗಿದ್ದ. 

“ಸಿಸ್ಟರ್ ಮಿಕ್ಕೆಲ್ಸನ್, ಇದನ್ನೆಲ್ಲ ಓದಿಯೂ ನೀವು ಹೇಗೆ ಉಳಿದ್ರಿ? ಬ್ರಿಂಡಿಗೆ ಹೇಳೋಕೆ ಏನಾದ್ರೂ ಒಂದು ಉತ್ತರ ಕೊಡಿ ನಂಗೆ.”

‘ಅವತ್ತು ಎದ್ದು ಹೋದ್ಯಲ್ಲ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನು ಪೀಚ್ ಸೀಸೆಗಳನ್ನು ಇನ್ನೂ ಎದೆಗೆ ಅವುಚಿಕೊಂಡೇ ಕೂತಿದ್ದುದನ್ನು ನೋಡಿ ನುಂಗಿಕೊಂಡಳು.

“ಅವಳು ಉತ್ತರ ಕೇಳಿದ್ಲಾ ಬ್ರದರ್ ಓಸ್ಲರ್?”

“ಇಲ್ಲ. ‘ನಿಂಗೆ ಗೊತ್ತಿತ್ತಾ ಅಪ್ಪ’ ಅಂತ ಕೇಳಿದ್ಲು.”

“ಏನಂದ್ರಿ?”

“ಎಲ್ಲಾ ವೈರಿಗಳ ಕಟ್ಟುಕತೆ ಅಂದೆ.”

“ಹಾಗಾದ್ರೆ ಮೊದಲು ಹೋಗಿ ಹೌದು ಅನ್ನಿ. ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ. ವಾಪಸ್ ಬಾ ಅಂತ ಮಾತ್ರ ಅವತ್ತು ಅನ್ಬೇಡಿ. ಊಟಕ್ಕೆ ಕರೀರಿ.”

“ಅಷ್ಟಕ್ಕೆ ಬರ್ತಾಳಾ ಸಭೆಗೆ?”

“ಅದು ಅವಳಿಗೂ ದೇವರಿಗೂ ಬಿಟ್ಟಿದ್ದು. ಊಟಕ್ಕಂತೂ ಬಂದಾಳು.”

ಬ್ರಿಂಡಿ ಸಭೆಗೆ ಬರಲಿಲ್ಲ. ಆದರೆ ಭಾನುವಾರ ಅಪ್ಪನ ಮನೆಯ ಮುಂದೆ ಅವಳ ಕಾರು ನಿಲ್ಲತೊಡಗಿತು. ವಾನ್ ಆರ್ಡಿತಳನ್ನು ಕ್ಷಮೆ ಕೇಳಲಿಲ್ಲ. ಆ ವರ್ಷದ ಚಳಿಗಾಲವೆಲ್ಲ ಅವಳ ಅಂಗಳದ ಹಿಮವನ್ನು ತಾನೇ ಬಂದು ಎತ್ತಿಹಾಕಿದ.

ನಾಟಕವನ್ನು ನಿಲ್ಲಿಸುವುದೆಂದು ತೀರ್ಮಾನವಾಗಿ, ಕೊನೆಯ ಜೂನ್ ಬಂತು. ನೋಲಾಳ ಮಂಡಿ ಹೋಗಿತ್ತು. ಬೀದಿಯಲ್ಲಿ ನಿಲ್ಲಲಾಗದೆ ಹೊತ್ತೆಲ್ಲ ಚಪ್ಪರದಲ್ಲೇ ಕೂತಳು. “ಇಷ್ಟು ವರ್ಷ ಬಂದು ನಿನ್ನೊಬ್ಬಳನ್ನೂ ಈಚೆ ಎಳೆಯೋಕಾಗ್ಲಿಲ್ವಲ್ಲೇ,” ಎಂದು ಹಲುಬಿದಳು. “ನಾನೂ ನಿನ್ನನ್ನ ಆಚೆ ಎಳೀಲಿಲ್ವಲ್ಲ, ಸರಿಹೋಯ್ತು ಬಿಡು,” ಎಂದಳು ಆರ್ಡಿತ್. ಫೋನ್ ನಂಬರನ್ನು ಅವರು ಒಬ್ಬರಿಗೊಬ್ಬರು ಕೊಟ್ಟದ್ದು ಆಗಲೇ. ಅದುವರೆಗೆ ಬೇಕೆನ್ನಿಸಿರಲೇ ಇಲ್ಲ. ಜೂನ್ ಹೇಗೂ ಬರುತ್ತಿತ್ತು.

ಸೇಬು ಕೊಯ್ಯುವ ಕಾಲಕ್ಕೆ ನೋಲಾ ಫೋನು ಮಾಡಿದಳು. ಗಂಡ ತೀರಿಕೊಂಡಿದ್ದ. ಆರ್ಡಿತ್, ಗಾರ್ತ್ ಇಬ್ಬರೂ ಇಡೀ ದಿನ ಕಾರು ಓಡಿಸಿಕೊಂಡು ಐಡಹೊಗೆ ಹೋದರು. ಬ್ಯಾಪ್ಟಿಸ್ಟರ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಕೂತು, ಗೊತ್ತಿದ್ದ ಹಾಡಿಗೆ ದನಿಗೂಡಿಸಿದರು. ಆಮೇಲಿನ ಊಟದಲ್ಲಿ ಒಬ್ಬ ಹೆಂಗಸು ಅವರ ಊರು ಕೇಳಿ, ಹುಬ್ಬು ಗಂಟಿಕ್ಕಿ, “ಅಂದ್ರೆ ನೀವು ಮಾರ್ಮನರಾ? ನಿಮ್ಮನ್ನ ಕ್ರೈಸ್ತರು ಅನ್ನೋದಾದ್ರೂ ಹೇಗೆ—” ಎಂದು ಶುರುಮಾಡಿದಳು.

ನೋಲಾ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. “ಮಿಲ್‌ಡ್ರೆಡ್, ಅವಳ ಹತ್ರ ಜಗಳ ಆಡೋದು ನನ್ನ ಹಕ್ಕು. ನೀನು ಹೋಗಿ ಅವಳಿಗೆ ತಟ್ಟೆ ತಂದ್ಕೊಡು.”

ಹಿಂತಿರುಗುವಾಗ ಹೆದ್ದಾರಿಯ ಇಕ್ಕೆಲದಲ್ಲೂ ಆಲೂಗಡ್ಡೆ ಹೊಲಗಳು ಅಗೆದುಬಿದ್ದಿದ್ದವು.

“ಅವರ ಪಾದ್ರಿ ಚೆನ್ನಾಗಿ ಮಾತಾಡ್ದ,” ಎಂದ ಗಾರ್ತ್.

“ಚೆನ್ನಾಗೇ ಮಾತಾಡ್ದ. ಸತ್ತವರು ನಮ್ಮನ್ನ ಕಾಯ್ತಿರ್ತಾರೆ ಅಂದ್ನಲ್ಲ, ಅದನ್ನ ನಾವೂ ಹೇಳ್ತೀವಿ.”

“ಆದ್ರೆ ನೀನು ನೋಲಾಳ ಕಿವೀಲಿ ಏನೋ ಹೇಳ್ತಿದ್ದೆ. ಮತ್ತೆ ವಾದಾನಾ?”

“ಇಲ್ಲ ಮಹರಾಯ. ಚಳಿಗಾಲ ಒಬ್ಬಳೇ ಇರಬೇಡ, ನಮ್ಮನೆಗೆ ಬಾ ಅಂದೆ.”

“ಏನಂದ್ಲು?”

“ಕಾಫಿ ಪುಡಿ ತಾನೇ ತರ್ತೀನಿ ಅಂದ್ಲು,” ಎಂದು ಆರ್ಡಿತ್ ಬೂಟು ಬಿಚ್ಚಿ ಕಾಲು ನೀಡಿಕೊಂಡಳು.